ಸಿಪ್ಪೆಸಹಿತ ತಿನ್ನತಕ್ಕ ಬಟಾಣಿಕಾಯಿ



ಬಟಾಣಿಯನ್ನು ಸುಲಿದು ಕಾಳನ್ನು ಅಡಿಗೆಗೂ ಸಿಪ್ಪೆಯನ್ನು ದನಗಳಿಗೂ ಹಾಕುವುದು ಎಲ್ಲೆಡೆಯಲ್ಲಿಯೂ ಇರುವ ರೂಢಿ. ಸಾಧಾರಣ ಬಟಾಣಿಯ ಸಿಪ್ಪೆಯ ಒಳಮೈಯಲ್ಲಿ ಕಾಗದದಂತಹ ಗಡುಸಾದ ಪೊರೆಯೊಂದಿರುವುದರಿಂದ ಎಷ್ಟು ಬೇಯಿಸಿದರೂ ಅದು ಅಗಿಯಲು ಬಾರದು. ಈ ಪೊರೆಯಿಲ್ಲದ ಜಾತಿಗಳೂ ಉಂಟು. ಅವುಗಳಲ್ಲಿ ಚಪ್ಪಟೆ ಕಾಯಿಗೆ ಸ್ನೋ ಪೀ ಎಂದೂ, ದಪ್ಪ ಸಿಪ್ಪೆಯ ದುಂಡು ಕಾಯಿಗೆ ಶುಗರ್ ಸ್ನ್ಯಾಪ್ ಎಂದೂ ಹೆಸರು. ಚಪ್ಪಟೆ ಜಾತಿಯು ಯೂರೋಪಿನಲ್ಲಿ ಶತಮಾನಗಳಿಂದ ಬೆಳೆಯುತ್ತಿರುವುದು. ದುಂಡು ಜಾತಿಯನ್ನು ಅಮೆರಿಕಾ ದೇಶದ ಐಡಹೋ ಪ್ರಾಂತ್ಯದಲ್ಲಿ ಕಾಲ್ವಿನ್ ಲ್ಯಾಂಬಾರ್ನ್ ಎಂಬ ತಳಿಶಾಸ್ತ್ರಜ್ಞರು, ದಪ್ಪ ಸಿಪ್ಪೆಯುಳ್ಳ ಬಟಾಣಿಯನ್ನು ಚಪ್ಪಟೆ ಜಾತಿಯೊಡನೆ ಸಂಕರಮಾಡಿ ಪಡೆದರು; 1979ರಲ್ಲಿ ಅದರ ಬೀಜವು ಮಾರಾಟಕ್ಕೆ ಬಂದಿತು. ಹೆಸರುಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸಂಪೂರ್ಣ ಎಂಬುದೂ ಸಿಪ್ಪೆಸಹಿತ ತಿನ್ನತಕ್ಕ ತಳಿಯೇ.

ಸಿಪ್ಪೆಯೇ ಆಹಾರವಾದ ಮೇಲೆ ಬೆಳೆಗಾರನ ಹೊಣೆಯು ಹೆಚ್ಚುತ್ತದೆ. ಸಾಧಾರಣ ಬಟಾಣಿಯ ಮೇಲೆ ಬಿದ್ದ ಔಷಧಿಯು ಬಹುಮಟ್ಟಿಗೆ ಸಿಪ್ಪೆಯೊಡನೆ ಹೊರಗೆ ಹೋಗುವುದು. ಇಲ್ಲಿಯಾದರೋ ತಿನ್ನುವವನ ಬಾಯಿಗೇ ಸೇರುವುದು. ಬೂದಿರೋಗಕ್ಕಾಗಲಿ ಹುಳುವಿಗಾಗಲಿ ಔಷಧಿ ಸಿಂಪಡಿಸಿದಲ್ಲಿ, ಡಬ್ಬಿಯ ಮೇಲೆ ಬಟಾಣಿಗೆಂದು ಹೇಳಿರುವಷ್ಟು ದಿನಗಳು ಕಳೆಯುವವರೆಗೆ ಕಾಯನ್ನು ಕೀಳಕೂಡದು. ಸಂತೆಯ ದಿನ ಬಂದಿತೆಂದು ಅವಸರಪಟ್ಟು ಕಿತ್ತು ತೊಳೆದು ಕಳುಹಿಸಿದರೆ ದೋಷವು ನೀಗುವುದಿಲ್ಲ. ಗಿಡದೊಳಕ್ಕೆ ಇಳಿಯುವ ಔಷಧಿಯನ್ನು ನೀರು ತೆಗೆಯಲಾರದು.

ಕೀಳುವ ಹದವನ್ನು ಕಣ್ಣಿನಿಂದಲೇ ತಿಳಿಯಬಹುದು. ಚಪ್ಪಟೆ ಕಾಯಲ್ಲಿ ಕಾಳುಗಳು ಸಣ್ಣ ಉಬ್ಬುಗಳಂತೆ ತೋರುವಷ್ಟರಲ್ಲಿಯೇ ಕೀಳಬೇಕು. ತೂಕ ಹೆಚ್ಚೀತೆಂಬ ಆಸೆಯಿಂದ ಬಳ್ಳಿಯಲ್ಲಿ ಬಿಟ್ಟವನು ತೂಕವನ್ನು ಪಡೆದು ಗಿರಾಕಿಯನ್ನು ಕಳೆದುಕೊಳ್ಳುವನು. ದುಂಡು ಕಾಯಿಗೆ ಇದು ಅನ್ವಯಿಸದು. ಅದರಲ್ಲಿ ಕಾಳು ತುಂಬಿ, ಹೊಳಪು ಮಾಸದೆ, ಬಗ್ಗಿಸಿದರೆ ಟಪ್ಪೆಂದು ಮುರಿಯಬೇಕು. ಕಿತ್ತ ಕಾಯಲ್ಲಿ ಸಕ್ಕರೆಯ ಅಂಶವು ಬಿಸಿಲಿನ ಕಾವಿಗೆ ಬೇಗನೆ ಕುಂದುವುದರಿಂದ ಬೆಳಗಿನ ತಂಪಿನಲ್ಲಿ ಕಿತ್ತು ನೆರಳಿನಲ್ಲಿಡತಕ್ಕದ್ದು.

ಹಸನುಮಾಡುವ ಕ್ರಮವು ಚಪ್ಪರದವರೆಯನ್ನು ಬಿಡಿಸಿ ಬಲ್ಲವರಿಗೆ ಹೊಸದಲ್ಲ. ಅಡಿಗೆಗೆ ಮುಂಚೆ ತೊಳೆದು, ತೊಟ್ಟನ್ನು ಮುರಿದು, ಅದರೊಡನೆ ಬರುವ ನಾರನ್ನು ಅಂಚಿನುದ್ದಕ್ಕೂ ಎಳೆಯಬೇಕು. ದುಂಡು ಕಾಯಿಗೆ ಅನೇಕವೇಳೆ ಎರಡು ಅಂಚುಗಳಲ್ಲಿಯೂ ನಾರಿರುವುದರಿಂದ ತುದಿಯಿಂದಲೂ ಎಳೆಯತಕ್ಕದ್ದು. ತೊಳೆದು ಒದ್ದೆಯಾಗಿಯೇ ಇಟ್ಟ ಕಾಯಿ ಬೇಗ ಕೊಳೆಯುವುದು.

ಹೆಚ್ಚಾಗಿ ಕೆಡುವುದು ಒಲೆಯ ಮೇಲೆ. ಬೇಳೆಯೊಡನೆ ಹುಳಿಗೆ ಹಾಕಿ ಕುದಿಸಿದರೆ ಹಸುರು ಕಂದಿ, ಸಿಹಿಯು ನೀರಿಗೆ ಬಿಟ್ಟು, ಕಾಯಿ ಮೆತ್ತಗಾಗುವುದು. ಉಂಡವರು ತಳಿಯನ್ನು ದೂರುವರು; ತಪ್ಪು ಕಾಯಿಯದಲ್ಲ. ಸಾಸಿವೆಯ ಒಗ್ಗರಣೆಗೆ ಹಾಕಿ, ಜೋರು ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ, ಉಪ್ಪು, ಕಾಯಿತುರಿ ಬೆರೆಸಿ ಇಳಿಸಿದರೆ ಪಲ್ಯವು ಗರಿಗರಿಯಾಗಿರುವುದು. ಹುಳಿಗೇ ಬೇಕೆಂದರೆ ಇಳಿಸುವ ಮುನ್ನ ಹಾಕಬಹುದು. ಎಳೆಯ ದುಂಡು ಕಾಯನ್ನು ಹೆಚ್ಚಿ ಕೋಸಂಬರಿಗೆ ಹಸಿಯಾಗಿಯೇ ಸೇರಿಸಬಹುದು. ಮಕ್ಕಳಂತೂ ಹಾಗೆಯೇ ತಿನ್ನುವರು.

ಹೂದೋಟಗಳಲ್ಲಿ ಸುವಾಸನೆಗಾಗಿ ಬೆಳೆಸುವ ಸ್ವೀಟ್ ಪೀ ಎಂಬ ಬಳ್ಳಿಯು ಬೇರೆ. ಹೆಸರಿನಲ್ಲಿ ಸಿಹಿಯಿದ್ದರೂ ಅದರ ಕಾಯಿ, ಬೀಜಗಳು ವಿಷಕರವಾದುವು. ತಿನ್ನುವ ಬಟಾಣಿಯು ಕೈತಪ್ಪಿ ಬಲಿತಿದ್ದರೆ ಸುಲಿದು, ಕಾಳನ್ನು ಸಾಧಾರಣ ಬಟಾಣಿಯಂತೆಯೇ ಬೇಯಿಸಿಕೊಳ್ಳಬಹುದು. ಆಗ ಸಿಪ್ಪೆಯು ಎಂದಿನಂತೆ ದನಗಳ ಪಾಲು.