ಮನೆಯೊಳಗಣ ತಂಪು
(ಬಾನುಲಿ ಭಾಷಣ)

ಬೇಸಗೆಯನ್ನು ಕುರಿತು ಮಾತನಾಡುವ ಅಧಿಕಾರ ಕರ್ನಾಟಕದಲ್ಲಿ ಯಾರಿಗಾದರೂ ಇದ್ದರೆ ಅದು ಕಲಬುರಗಿ, ರಾಯಚೂರು ಸೀಮೆಯವರಿಗೆ ಎಂದು ನಾನು ಭಾವಿಸಿದ್ದೇನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಪಾದರಸ 42–43 ಡಿಗ್ರಿ ಸೆಲ್ಸಿಯಸ್ಸಿಗೆ ಏರುವುದು ವಿಶೇಷ ಸುದ್ದಿಯೇನಲ್ಲ. ಈ ಬಿಸಿಲಿನೊಡನೆ ಬಾಳುವ ವಿದ್ಯೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಮೊಳಗಟ್ಟಲೆ ದಪ್ಪದ ಕಲ್ಲುಮಣ್ಣಿನ ಗೋಡೆ, ಮಣ್ಣು ಹೊದೆಸಿದ ಮಾಳಿಗೆ, ನೆತ್ತಿಯಲ್ಲೊಂದು ಬೆಳಕಿಂಡಿ, ಕಾಲ ಕೆಳಗೆ ಶಹಾಬಾದಿನ ಫರಸಿ: ಇಷ್ಟಿದ್ದರೆ ಹೊರಗಿನ ಉರಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಉಳ್ಳವರು ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ರಾತ್ರಿಯಾದರೆ ಎಲ್ಲರ ಹಾಸಿಗೆಯೂ ಮಾಳಿಗೆಯ ಮೇಲೆಯೇ.

ಆ ಮನೆಗಳು ಈಗ ವಿರಳವಾಗಿವೆ. ನಾವು ಕಟ್ಟಿಕೊಂಡ ಕಾಂಕ್ರೀಟಿನ ಛಾವಣಿ ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಕ್ಕುತ್ತದೆ. ಗೋಡೆ ತೆಳುವಾಯಿತು, ಬೆಳಕಿಂಡಿ ಮುಚ್ಚಿತು, ಅಂಗಳ ವಾಹನಕ್ಕೆ ಸಂದಿತು. ಮನೆ ತಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟುಕೊಟ್ಟಾಗ ಆ ಕೆಲಸಕ್ಕೆ ಯಂತ್ರವೊಂದು ಬರಲೇಬೇಕಾಯಿತು. ಜನ ಅದನ್ನು ಸ್ಪ್ಲಿಟ್ ಏ.ಸಿ. ಎನ್ನುತ್ತಾರೆ. ಇಂದು ನಾನು ಹೇಳಹೊರಟಿರುವುದು ಆ ಯಂತ್ರದ ವಿಚಾರ.

ಈ ಯಂತ್ರ ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲ, ಕಾಗದದ ಕ್ಷೇಮಕ್ಕಾಗಿ ಎಂಬುದನ್ನು ತಿಳಿದಾಗ ಸಾಹಿತ್ಯದ ಮೇಷ್ಟರಾದ ನನಗೆ ಸಂತೋಷವೇ ಆಯಿತು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದ ಹವೆಗೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಕದಲಿ ಹೋಗುತ್ತಿದ್ದವು. ಗಾಳಿಯ ತೇವವನ್ನು ಹತೋಟಿಗೆ ತರಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಒಂದು ವ್ಯವಸ್ಥೆಯನ್ನು ರೂಪಿಸಿದ. ಇಂದಿನ ಹವಾನಿಯಂತ್ರಣಕ್ಕೆ ಅದೇ ಮೂಲ.

ಯಂತ್ರ ತಂಪನ್ನು ತಯಾರಿಸುತ್ತದೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅದು ಏನನ್ನೂ ತಯಾರಿಸುವುದಿಲ್ಲ, ಶಾಖವನ್ನು ಸಾಗಿಸುತ್ತದೆ. ಒಳಗಿನ ಪೆಟ್ಟಿಗೆಯ ಕೊಳವೆಗಳಲ್ಲಿ ದ್ರವವೊಂದು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಆ ಆವಿ ಒತ್ತಡಕ್ಕೆ ಸಿಲುಕಿ, ಮತ್ತೆ ದ್ರವವಾಗುತ್ತ ಹೊತ್ತು ತಂದ ಶಾಖವನ್ನು ಬೀದಿಗೆ ಚೆಲ್ಲುತ್ತದೆ. ಅದರ ಜೊತೆಗೆ ಯಂತ್ರ ತಿಂದ ವಿದ್ಯುತ್ತೂ ಶಾಖವಾಗಿ ಹೊರಬೀಳುತ್ತದೆ. ನಮ್ಮ ಕೋಣೆ ಎಷ್ಟು ತಣಿಯಿತೋ ಅದಕ್ಕಿಂತ ಹೆಚ್ಚಾಗಿ ಓಣಿ ಕಾಯುತ್ತದೆ. ಈ ಒಂದು ಮಾತನ್ನು ನೆನಪಿಡಬೇಕೆಂದು ಕೇಳುಗರಲ್ಲಿ ನನ್ನ ವಿನಂತಿ.

ಪಾಶ್ಚಾತ್ಯ ದೇಶಗಳ ಅನೇಕ ಮನೆಗಳಲ್ಲಿ ಒಂದೇ ಕಡೆ ಗಾಳಿಯನ್ನು ತಣಿಸಿ, ಅಗಲವಾದ ಕೊಳವೆಗಳ ಮೂಲಕ ಕೋಣೆಕೋಣೆಗೆ ಹಂಚುವುದುಂಟು. ಅಂಥ ಕೊಳವೆಗಳಿಗೆ ನಮ್ಮ ಇಟ್ಟಿಗೆ ಗೋಡೆಗಳಲ್ಲಿ ಎಡೆಯಿಲ್ಲ. ಒಳಗೊಂದು, ಹೊರಗೊಂದು ಪೆಟ್ಟಿಗೆ, ನಡುವೆ ಬೆರಳು ಗಾತ್ರದ ಎರಡು ತಾಮ್ರದ ಕೊಳವೆ: ಗೋಡೆಗೆ ಒಂದು ತೂತು ಕೊರೆದರೆ ಕೆಲಸ ಮುಗಿಯುವ ಈ ಜೋಡಿಯೇ ನಮಗೆ ಒಗ್ಗಿತು. ಅನಿಲದ ಹರಿವನ್ನು ಹಿಂದುಮುಂದು ಮಾಡುವ ಕವಾಟವೊಂದಿದ್ದರೆ ಇದೇ ಯಂತ್ರ ಚಳಿಗಾಲದಲ್ಲಿ ಹೊರಗಿನ ಶಾಖವನ್ನು ಒಳಗೆ ತರಬಲ್ಲದು. ಕಾಯ್ದ ತಂತಿಯ ಹೀಟರು ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಟ್ಟರೆ, ಇದು ಸಾಧಾರಣ ಚಳಿಯಲ್ಲಿ ಮೂರರಷ್ಟು ಕೊಡುತ್ತದೆ. ದೆಹಲಿಯಲ್ಲಿ ನೆಲಸಿದ ಕನ್ನಡಿಗರಿಗೆ ಇದು ಉಪಯುಕ್ತ. ಕಲಬುರಗಿಯಲ್ಲಿ ಆ ಸೌಕರ್ಯಕ್ಕೆ ಹಣ ತೆರುವುದು ಅನವಶ್ಯಕ.

ಕೊಳ್ಳಲು ಹೋದವರು ಮೊದಲು ಕೇಳುವ ಮಾತು ‘ಎಷ್ಟು ಟನ್ನು?’ ಎಂಬುದು. ಇದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ಲೆಕ್ಕ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಅಷ್ಟೇ ಹೊತ್ತಿನಲ್ಲಿ ಹೊರಹಾಕಬಲ್ಲ ಯಂತ್ರ ಒಂದು ಟನ್ನಿನದು. ತಂಪೆಂದರೆ ಮಂಜುಗಡ್ಡೆಯೇ ಆಗಿದ್ದ ಕಾಲದ ಗುರುತು ಈ ಪದದಲ್ಲಿ ಉಳಿದಿದೆ. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ಹಡಗೊಂದು ಅಲ್ಲಿನ ಕೆರೆಗಳ ಮಂಜುಗಡ್ಡೆಯನ್ನು ನಾಲ್ಕು ತಿಂಗಳು ಪಯಣಿಸಿ ಕಲ್ಕತ್ತೆಗೆ ತಂದಿತ್ತು. ಮದರಾಸಿನ ಕಡಲತೀರದಲ್ಲಿ ಅದೇ ವ್ಯಾಪಾರಕ್ಕೆಂದು ಕಟ್ಟಿದ ಐಸ್ ಹೌಸ್, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯೆಂದು ಇಂದಿಗೂ ನಿಂತಿದೆ.

ಸುಮಾರು 120 ಚದರ ಅಡಿಯ ಕೋಣೆಗೆ ಒಂದು ಟನ್ನು, 180ರವರೆಗೆ ಒಂದೂವರೆ ಎಂಬುದು ಅಂಗಡಿಯವರ ಸ್ಥೂಲ ಲೆಕ್ಕ. ಮೇಲ್ಮಹಡಿಯ ಕೋಣೆಗೆ, ಪಡುವಣ ಬಿಸಿಲು ಬೀಳುವ ಗೋಡೆಗೆ ಇನ್ನಷ್ಟು ಬೇಕು. ಆದರೆ ದೊಡ್ಡದನ್ನು ಕೊಳ್ಳುವ ಮೊದಲು ಛಾವಣಿಗೆ ಬಿಳಿಯ ಸುಣ್ಣ ಬಳಿದು, ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿ ನೋಡುವುದು ವಿವೇಕ. ಎರಡನೆಯದು ನಕ್ಷತ್ರಗಳ ಪಟ್ಟಿ. ಅದರ ಮೇಲೆ ಅಚ್ಚಾಗಿರುವ ವಾರ್ಷಿಕ ಯೂನಿಟ್ಟುಗಳ ಲೆಕ್ಕ 1600 ಗಂಟೆಗಳ ಬಳಕೆಯದು; ದಿನಕ್ಕೆ ನಾಲ್ಕು ಗಂಟೆಯಂತೆ ಮೂರು ತಿಂಗಳು ಬಳಸುವವರು ಅದರ ಕಾಲುಭಾಗವನ್ನು ಹಿಡಿದರೆ ಸಾಕು. ಇಡೀ ರಾತ್ರಿ ಓಡಿಸುವವರಿಗೆ ಐದು ನಕ್ಷತ್ರದ ಬೆಲೆ ಬೇಗ ಗಿಟ್ಟುತ್ತದೆ, ಅಪರೂಪಕ್ಕೆ ಬಳಸುವವರಿಗೆ ಮೂರೇ ಸಾಕು. ಮೂರನೆಯದು ಇನ್ವರ್ಟರ್. ಹಳೆಯ ಯಂತ್ರ ಪೂರ್ತಿ ಓಡುತ್ತಿತ್ತು, ಇಲ್ಲವೆ ನಿಲ್ಲುತ್ತಿತ್ತು; ಇದು ಎತ್ತಿನ ಗಾಡಿಯವನು ಹಗ್ಗ ಸಡಿಲಿಸಿದಂತೆ ವೇಗವನ್ನು ತಗ್ಗಿಸಿಕೊಂಡು ಸಾಗುತ್ತದೆ. ವಿದ್ಯುತ್ತು ನಿಂತಾಗ ದೀಪ ಉರಿಸಲು ಇಡುವ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಮನೆಗೆ ಈ ಯಂತ್ರ ಬಂದದ್ದು ನನ್ನ ತಾಯಿಯವರ ದೆಸೆಯಿಂದ. ಅವರಿಗೆ ಎಂಬತ್ತು ದಾಟಿದೆ. ಮುಪ್ಪಿನಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಸಾಕಷ್ಟು ಬರುವುದಿಲ್ಲ; ಗಾಳಿಯೇ ಮೈಗಿಂತ ಬಿಸಿಯಾದಾಗ ಬೆವರದ ದೇಹಕ್ಕೆ ಫ್ಯಾನಿನಿಂದ ಉಪಕಾರವಾಗುವುದಿಲ್ಲ ಎಂದು ವೈದ್ಯರು ಎಚ್ಚರಿಸಿದರು. ತಾಯಿಯವರ ಆಕ್ಷೇಪಣೆ ಬೇರೆಯದೇ ಆಗಿತ್ತು. “ಕದಾ ಹಾಕ್ಕೊಂಡು ಕುಂತ್ರ ಓಣ್ಯಾಗ ಯಾರು ಬಂದ್ರು ಯಾರು ಹೋದ್ರು ಹೆಂಗ ತಿಳೀತದಪ್ಪಾ?” ಎಂದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಬಿಸಿಲು ಕೊಲ್ಲಬಹುದು, ನಿಜ. ಒಂಟಿತನವೂ ಮುದುಕರನ್ನು ಸವೆಸುತ್ತದೆ. ಕೊನೆಗೆ ಮಧ್ಯಾಹ್ನ ಒಂದರಿಂದ ಐದರವರೆಗೆ ಯಂತ್ರ, ಅನಂತರ ತೆರೆದ ಬಾಗಿಲು ಎಂದು ಒಪ್ಪಂದವಾಯಿತು. ಆ ನಾಲ್ಕು ಗಂಟೆ ಮನೆಯವರೆಲ್ಲ ಅದೇ ಕೋಣೆಯಲ್ಲಿ ಕೂಡುತ್ತೇವೆ. ನಾನು ಓದುತ್ತೇನೆ, ನನ್ನ ಶ್ರೀಮತಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾಳೆ, ನೆರೆಮನೆಯ ಅಜ್ಜಿಯೊಬ್ಬರು ಬಂದು ತಾಯಿಯವರಿಗೆ ಓಣಿಯ ವರದಿಯನ್ನೊಪ್ಪಿಸುತ್ತಾರೆ.

ಹೊರಪೆಟ್ಟಿಗೆಗೆ ಜಾಗ ಹುಡುಕುವಾಗ ಇನ್ನೊಂದು ಧರ್ಮಸೂಕ್ಷ್ಮ ಎದುರಾಯಿತು. ಅನುಕೂಲದ ಗೋಡೆಯ ಎದುರಿಗೇ, ನಾಲ್ಕು ಅಡಿಯ ಸಂದಿನಾಚೆ ನೆರೆಯವರ ಅಡಿಗೆಮನೆಯ ಕಿಟಕಿ. ಅಲ್ಲಿ ಬೇಡವೆಂದು ಮಾಳಿಗೆಯ ಮೇಲಿನ ನೆರಳನ್ನು ತೋರಿಸಿದೆ. ಕೂಡಿಸಲು ಬಂದ ಹುಡುಗ, “ಪೈಪ ಉದ್ದ ಆದ್ರ ಖರ್ಚ ಜಾಸ್ತಿ ಆಗ್ತದ ನೋಡ್ರಿ ಸರ,” ಎಂದ. ಆಗಲಿ ಎಂದೆ. ನಮ್ಮ ತಾಯಿಗೆ ತಂಪಾಗಲೆಂದು ಇನ್ನೊಬ್ಬ ತಾಯಿಯ ಒಲೆಯ ಮುಂದೆ ಮತ್ತೊಂದು ಒಲೆ ಹೊತ್ತಿಸುವುದು ಯಾವ ನ್ಯಾಯ?

ಯಂತ್ರದೊಡನೆ ಬಾಳುವ ಕ್ರಮವೂ ಉಂಟು. ಹದಿನೆಂಟು ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಣಿಯುತ್ತದೆಂಬುದು ಭ್ರಮೆ. ಯಂತ್ರ ಹೆಚ್ಚು ಹೊತ್ತು ದುಡಿಯುತ್ತದೆ, ಅಷ್ಟೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ಹೊಸ ಯಂತ್ರಗಳು 24ರಲ್ಲೇ ಆರಂಭವಾಗಬೇಕೆಂಬ ನಿಯಮವೂ ಬಂದಿದೆ. ನಾವು 26ಕ್ಕಿಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತೇವೆ. ಗಾಳಿ ಸೋಸುವ ಬಲೆಯನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಒಸರುವ ನೀರು ಕುಡಿಯಲು ಬಾರದು, ಗಿಡಗಳಿಗೆ ಆದೀತು. ಪ್ರತಿವರ್ಷ ಗ್ಯಾಸು ತುಂಬಿಸಬೇಕೆಂಬ ಮಾತನ್ನು ನಂಬಬೇಡಿ. ಅನಿಲ ಸವೆದುಹೋಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ, ಮೊದಲು ಸೋರಿಕೆಯನ್ನು ಮುಚ್ಚಿಸಬೇಕು. ಈಗ ಬಳಕೆಯಲ್ಲಿರುವ ಅನಿಲಗಳಲ್ಲಿ ಹೆಚ್ಚಿನವು ಇಂಗಾಲಾಮ್ಲಕ್ಕಿಂತ ನೂರಾರು ಪಟ್ಟು ಭೂಮಿಯನ್ನು ಕಾಯಿಸಬಲ್ಲವು. ಅವುಗಳನ್ನು ತಗ್ಗಿಸಲೆಂದೇ 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು.

ಮತ್ತೊಂದು ಮಾತು. ಈ ಯಂತ್ರ ಹೊಸ ಗಾಳಿಯನ್ನು ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುತಿರುಗಿ ತಣಿಸುತ್ತದೆ. ಪಂಪನಿಗೆ ಬನವಾಸಿಯನ್ನು ನೆನಪಿಗೆ ತಂದದ್ದು ತೆಂಕಣಿಂದ ಬೀಸಿದ ಗಾಳಿ; ಯಂತ್ರದ ಗಾಳಿಗೆ ದಿಕ್ಕೂ ಇಲ್ಲ, ಊರೂ ಇಲ್ಲ. ಆದಕಾರಣ ಬೆಳಗು ಸಂಜೆ ಕಿಟಕಿಗಳನ್ನು ತೆರೆಯುವುದು ಆರೋಗ್ಯಕ್ಕೂ ಅಗತ್ಯ, ಮನಸ್ಸಿಗೂ ಹಿತ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಂತ್ರ ಕೊಳ್ಳಲಾರದವರ ತಾಯಂದಿರ ಗತಿ ಏನು? ಅಹಮದಾಬಾದು 2010ರ ಮೇ ತಿಂಗಳ ಬಿಸಿಲಿನಲ್ಲಿ ಬಹಳ ಜನರನ್ನು ಕಳೆದುಕೊಂಡ ಮೇಲೆ, 2013ರಲ್ಲಿ ಉಷ್ಣದ ಹಾವಳಿಯನ್ನು ಎದುರಿಸುವ ಯೋಜನೆಯೊಂದನ್ನು ರೂಪಿಸಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು, ನೆರಳು ಅದರ ಅಂಗಗಳಾದವು. ನಮ್ಮ ನಾಡಿಗೆ ಇದು ತೀರ ಹೊಸ ವಿಚಾರವೂ ಅಲ್ಲ. ದಾರಿಹೋಕರಿಗೆ ನೀರು ನೆರಳು ಕೊಡುವ ಅರವಟ್ಟಿಗೆಗಳನ್ನು ಇಡಿಸಿದವರ ಪುಣ್ಯವನ್ನು ನಮ್ಮ ಶಾಸನಗಳು ಕಲ್ಲಿನಲ್ಲಿ ಕೊರೆದಿಟ್ಟಿವೆ. ಬೇಸಗೆಯ ಆ ಎರಡು ತಿಂಗಳು ಊರಿನ ಗ್ರಂಥಾಲಯದಲ್ಲಿ ಒಂದು ಕೋಣೆಯನ್ನಾದರೂ ತಂಪಾಗಿಟ್ಟು, ಓದುವವರಿಗೂ ಓದಲಾರದ ಮುದುಕರಿಗೂ ಮಧ್ಯಾಹ್ನ ಬಾಗಿಲು ತೆರೆದಿಡಲು ನಗರಸಭೆಗಳು ಮನಸ್ಸು ಮಾಡಬೇಕು. ಅಲ್ಲಿ ಒಂದು ಹೂಜಿ ನೀರೂ ನಾಲ್ಕು ಚಾಪೆಯೂ ಇದ್ದರೆ ಸಾಕು. ಕನ್ನಡದ ಪುಸ್ತಕಗಳು ಹೇಗೂ ಇದ್ದೇ ಇರುತ್ತವೆ.