ಟ್ರ್ಯಾಕ್ಟರ್ ಇಂಜಿನ್ ಕೈಕೊಟ್ಟಾಗ: ಗ್ಯಾರೇಜಿಗೋ, ಗುಜರಿಗೋ?

(ತಾಲ್ಲೂಕು ಮಟ್ಟದ ರೈತ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ ಅಂದ ಕೂಡಲೇ ನಾವು ಮಂಡಿಯ ವಿಚಾರ, ಬ್ಯಾಂಕಿನ ವಿಚಾರ ಮಾತಾಡ್ತೀವಿ. ಅದು ಆಡಲೇಬೇಕಾದ ಮಾತು. ಆದರೆ ಇವತ್ತು ನಾನು ಕೊಟ್ಟಿಗೆ ಪಕ್ಕದಲ್ಲಿ ಇಂಜಿನ್ ಹೋಗಿ ನಿಂತಿರುವ ಟ್ರ್ಯಾಕ್ಟರಿನ ವಿಚಾರ ಹೇಳಬೇಕು ಅಂತ ಬಂದಿದ್ದೀನಿ. ರೈತ ಸಾಲಕ್ಕೆ ಬೀಳುವುದು ಮಳೆ ಹೋದ ವರ್ಷ ಮಾತ್ರ ಅಲ್ಲ. ಮಳೆ ಬಂದು, ಹೊಲ ಹದವಾಗಿ, ನಾಳೆ ಉಳಬೇಕು ಅನ್ನುವ ಹೊತ್ತಿಗೆ ಇಂಜಿನ್ ನಿಂತುಬಿಟ್ಟ ವಾರದಲ್ಲೂ ಬೀಳುತ್ತಾನೆ.

ಆ ವಾರ ಏನಾಗುತ್ತೆ ನೋಡಿ. ಗ್ಯಾರೇಜಿನ ಮೇಸ್ತ್ರಿ ಬಂದು "ಪೂರಾ ಇಂಜಿನ್ ಇಳಿಸಬೇಕು" ಅಂತಾನೆ. ಡೀಲರ್ ಕಡೆಯವನು ಬಂದು "ಇದನ್ನ ಬಿಡಿ ಯಜಮಾನ್ರೇ, ಎಕ್ಸ್‌ಚೇಂಜಿಗೆ ಕೊಡಿ, ಸಾಲ ನಾವೇ ಮಾಡಿಸ್ತೀವಿ" ಅಂತಾನೆ. ಗುಜರಿಯವನು ಎರಡು ಸುತ್ತು ಸುತ್ತಿ, ಚಕ್ರಕ್ಕೆ ಕಾಲಲ್ಲಿ ಒದ್ದು, ಒಂದು ರೇಟು ಹೇಳಿ ಹೋಗ್ತಾನೆ. ಮೂವರ ಮಾತಿನಲ್ಲೂ ಅವರವರ ಲಾಭ ಇದೆ. ಅದನ್ನ ತಪ್ಪು ಅನ್ನಲಾರೆ, ಅದು ಅವರ ಕಸುಬು. ಆದರೆ ನಮ್ಮ ಲಾಭ ನಷ್ಟದ ಲೆಕ್ಕ ಹಾಕೋರು ಯಾರು? ನಾವೇ ಹಾಕಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಹೇಳಿದ್ದು ಇಂಥ ವಾರಕ್ಕೇ.

ಮೊದಲನೇ ಮಾತು. ಹದ ತಪ್ಪಬಾರದು ಅಂತ ಇದ್ದರೆ ಆ ವಾರದ ಉಳುಮೆಯನ್ನು ಬಾಡಿಗೆಗೆ ಮಾಡಿಸಿ ಮುಗಿಸಿ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಆಗಲಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ್ದಾಗಲಿ. ನಾಲ್ಕು ಸಾವಿರ ಬಾಡಿಗೆ ಹೋಗಲಿ. ಉಳುಮೆ ಮುಗಿದರೆ ತಲೆ ತಣ್ಣಗಾಗುತ್ತೆ, ಆಮೇಲೆ ಇಂಜಿನ್ ವಿಚಾರ ಕೂತು ಮಾತಾಡಬಹುದು.

ಎರಡನೇ ಮಾತು, ರೋಗ ಯಾವುದು ಅಂತ ತಿಳಿಯುವುದು. ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡಿಗೆ ನೋಡ್ತೀವಿ. ಇಂಜಿನ್ನಿಗೂ ಹಲ್ಲು ಸುಳಿ ಇದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಇದು ಸಣ್ಣ ಖರ್ಚಿನ ಕಾಯಿಲೆ. ನೀಲಿ ಹೊಗೆ ಬಂದು, ಆಯಿಲ್ ಕಮ್ಮಿಯಾಗುತ್ತಾ ಹೋದರೆ ರಿಂಗು, ಲೈನರ್ ಸವೆದಿರುವ ಸಂಭವ ಹೆಚ್ಚು. ರೇಡಿಯೇಟರ್ ನೀರು ಕಾಣೆಯಾಗಿ, ಆಯಿಲ್ ಕಡ್ಡಿ ಎಳೆದಾಗ ಆಯಿಲ್ಲು ಹಾಲು ಹಾಕಿದ ಕಾಫಿ ಥರ ಕಂಡರೆ ನೀರು ಒಳಗೆ ಇಳಿದಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೋ ಬ್ಲಾಕೋ ಬಿರುಕು ಬಿಟ್ಟಿರಬಹುದು. ಕೆಳಗಿನಿಂದ ಕಟ ಕಟ ಸದ್ದು ಬಂದು ಆಯಿಲ್ ಪ್ರೆಶರ್ ಇಳಿದರೆ ಬೇರಿಂಗು, ಕ್ರ್ಯಾಂಕಿನ ತಂಟೆ.

ಇಂಜಿನ್ ಬಿಗಿದುಕೊಂಡು ತಿರುಗದೇ ಇದ್ದರೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಡಿ. ಒಳಗೆ ನೀರು ತುಂಬಿದ್ದರೂ, ಪಿಸ್ಟನ್ ಕಚ್ಚಿದ್ದರೂ, ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಇಲ್ಲವೇ ಬ್ಲಾಕ್ ಒಡೆಯುತ್ತೆ. ಹತ್ತು ಸಾವಿರದಲ್ಲಿ ಮುಗಿಯೋದು ಲಕ್ಷಕ್ಕೆ ಹೋಗುತ್ತೆ.

ನಮ್ಮ ಕಡೆ ಓಡುವ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಸಿಲಿಂಡರಿನ ಒಳಗೆ ಲೈನರ್ ಅನ್ನುವ ಕೊಳವೆ ಬೇರೆಯಾಗಿಯೇ ಇರುತ್ತೆ. ಸವೆದರೆ ಲೈನರ್, ಪಿಸ್ಟನ್, ರಿಂಗ್ ಸೆಟ್ ತೆಗೆದು ಹೊಸದು ಹಾಕಬಹುದು. ಕ್ರ್ಯಾಂಕನ್ನು ಲೇತಿನಲ್ಲಿ ಗ್ರೈಂಡ್ ಮಾಡಿಸಿ ಅದಕ್ಕೆ ಹೊಂದುವ ಬೇರಿಂಗ್ ಹಾಕಬಹುದು. ಆದ್ದರಿಂದ "ಇಂಜಿನ್ ಹೋಯ್ತು" ಅಂದ ಮಾತ್ರಕ್ಕೆ ಟ್ರ್ಯಾಕ್ಟರ್ ಹೋಯ್ತು ಅಂತ ಅಲ್ಲ. ರಾಡ್ ಬ್ಲಾಕನ್ನು ಒಡೆದು ಹೊರಗೆ ಬಂದಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಅದು ಬೇರೆ ಮಾತು. ಅದರ ಜೊತೆಗೆ ಗೇರ್ ಬಾಕ್ಸ್, ಹೈಡ್ರಾಲಿಕ್, ಹಿಂದಿನ ಆಕ್ಸಲ್, ಟಯರ್ ಹೇಗಿದೆ ನೋಡಿ. ಅವು ಗಟ್ಟಿಯಾಗಿದ್ದರೆ ಇಂಜಿನ್ನಿಗೆ ದುಡ್ಡು ಹಾಕುವುದಕ್ಕೆ ಅರ್ಥ ಇದೆ. ಅವೂ ಗುಟುಕು ಜೀವದಲ್ಲಿದ್ದರೆ ಇಂಜಿನ್ ಮಾಡಿಸಿದ ಆರು ತಿಂಗಳಿಗೆ ಮತ್ತೆ ಗ್ಯಾರೇಜು.

ಮೂರನೇ ಮಾತು, ಲೆಕ್ಕ. ನಾನು ಹೇಳುವ ಅಂಕಿಗಳು ಲೆಕ್ಕ ಕಲಿಯುವುದಕ್ಕೆ ಮಾತ್ರ. ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಒಂದು ಕಾಗದದ ಮೇಲೆ ಮೂರು ಮೊತ್ತ ಬರೆಯಿರಿ. ಇದ್ದ ಹಾಗೇ ಮಾರಿದರೆ ಎಷ್ಟು? ರಿಪೇರಿಗೆ ಎಷ್ಟು? ರಿಪೇರಿ ಆದ ಮೇಲೆ ಮಾರಿದರೆ ಎಷ್ಟು? ರಿಪೇರಿಯ ಅಂದಾಜನ್ನು ಬಿಡಿಭಾಗ ಬೇರೆ, ಲೇತಿನ ಕೆಲಸ ಬೇರೆ, ಕೂಲಿ ಬೇರೆ ಅಂತ ಬರೆಸಿಕೊಳ್ಳಿ. ಇಂಜಿನ್ ಬಿಚ್ಚಿದ ಮೇಲೆ ಇನ್ನೊಂದು ಮತ್ತೊಂದು ಕಾಣಿಸಿಯೇ ಕಾಣಿಸುತ್ತೆ, ಅದಕ್ಕೆ ಕಾಲು ಭಾಗ ಸೇರಿಸಿ. ಮೇಸ್ತ್ರಿ 80 ಸಾವಿರ ಅಂದರೆ ನೀವು 1 ಲಕ್ಷ ಅಂತ ಬರೆಯಿರಿ.

ಇದ್ದ ಹಾಗೇ 1 ಲಕ್ಷ 10 ಸಾವಿರ, ರಿಪೇರಿಯಾದ ಮೇಲೆ 2 ಲಕ್ಷ 50 ಸಾವಿರ ಅನ್ನಿ. 1 ಲಕ್ಷ ಹಾಕಿದರೆ 1 ಲಕ್ಷ 40 ಸಾವಿರದ ಬೆಲೆ ಏರಿತು. ಕಣ್ಣು ಮುಚ್ಚಿಕೊಂಡು ರಿಪೇರಿ ಮಾಡಿಸಿ.

ಇನ್ನೊಂದು ಹಳೇ ಗಾಡಿ. ಇದ್ದ ಹಾಗೇ 70 ಸಾವಿರ, ರಿಪೇರಿಯಾದರೆ 1 ಲಕ್ಷ 40 ಸಾವಿರ. 1 ಲಕ್ಷ ಹಾಕಿದರೆ ಏರುವುದು 70 ಸಾವಿರ ಮಾತ್ರ. ಮಾರುವವನಿಗೆ ಇದು ನಷ್ಟ. ಇಟ್ಟುಕೊಂಡು ದುಡಿಸುವವನಿಗೆ? ಬಾಡಿಗೆ ಕೊಡುವ ಬದಲು ಸ್ವಂತ ಗಾಡಿ ಓಡಿಸಿದರೆ ಡೀಸೆಲ್ ಕಳೆದು ಗಂಟೆಗೆ 400 ರೂಪಾಯಿ ಉಳಿಯುತ್ತೆ ಅನ್ನೋಣ. ವರ್ಷಕ್ಕೆ 60 ಗಂಟೆ ಕೆಲಸ ಇದ್ದರೆ 24 ಸಾವಿರ. 3 ವರ್ಷಕ್ಕೆ 72 ಸಾವಿರ. ಆಮೇಲೆ 1 ಲಕ್ಷಕ್ಕೆ ಮಾರಿದರೆ ಹಾಕಿದ ದುಡ್ಡು ವಾಪಸ್, ಕೈಯಲ್ಲಿ ಉಳಿದದ್ದು 72 ಸಾವಿರ. ಇವತ್ತೇ ಮಾರಿದ್ದರೆ 70 ಸಾವಿರ ಬರುತ್ತಿತ್ತು. ಎರಡೂ ಒಂದೇ! ವರ್ಷಕ್ಕೆ 100 ಗಂಟೆ ಕೆಲಸ ಇದ್ದವನಿಗೆ ರಿಪೇರಿಯೇ ಲಾಭ. ಆದರೆ ಆ 1 ಲಕ್ಷವನ್ನು ನೂರಕ್ಕೆ 12ರ ಬಡ್ಡಿಗೆ ತಂದರೆ 3 ವರ್ಷಕ್ಕೆ 36 ಸಾವಿರ ಬಡ್ಡಿ. 60 ಗಂಟೆಯವನು ಸೋತ. ಹಾಗಾಗಿ ಗಾಡಿ ಎಷ್ಟು ಹಳೆಯದು ಅನ್ನುವುದಕ್ಕಿಂತ, ವರ್ಷಕ್ಕೆ ಎಷ್ಟು ಗಂಟೆ ದುಡಿಯುತ್ತೆ, ರಿಪೇರಿ ದುಡ್ಡು ಎಲ್ಲಿಂದ ಬರುತ್ತೆ, ಇವೆರಡೇ ತೀರ್ಮಾನ ಮಾಡುತ್ತವೆ.

ಈಗ ಹೊಸ ಟ್ರ್ಯಾಕ್ಟರಿಗೆ ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. 12ರಿಂದ 5ಕ್ಕೆ ಇಳಿದಿದೆ. ಇದೇ ಸಮಯ, ತಗೊಳ್ಳಿ ಅಂತ ಹೇಳೋರು ಬಹಳ. ತೆರಿಗೆ ಇಳಿದದ್ದು ನಿಜ. ಸಾಲದ ಲೆಕ್ಕವೂ ಕೇಳಿ. 8 ಲಕ್ಷದ ಗಾಡಿ. 2 ಲಕ್ಷ ಕೈಯಿಂದ, 6 ಲಕ್ಷ ಸಾಲ, 5 ವರ್ಷ, ಬಡ್ಡಿ 12. ಮೊದಲ ವರ್ಷ ಬಡ್ಡಿ 72 ಸಾವಿರ, ಅಸಲು 1 ಲಕ್ಷ 20 ಸಾವಿರ. ಒಟ್ಟು 1 ಲಕ್ಷ 92 ಸಾವಿರ. ಗಂಟೆಗೆ 400 ಉಳಿದರೆ 480 ಗಂಟೆ ದುಡಿಯಬೇಕು. ಮನೆಗೊಂದು ಟ್ರ್ಯಾಕ್ಟರ್ ಬಂದಿರುವ ನಿಮ್ಮೂರಲ್ಲಿ 480 ಗಂಟೆ ಕೆಲಸ ಕೊಡೋರು ಯಾರಿದ್ದಾರೆ?

ಇದನ್ನೇ ರಾಗಿಯಲ್ಲಿ ಅಳೆಯೋಣ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. 1 ಲಕ್ಷದ ರಿಪೇರಿ ಅಂದರೆ 20 ಕ್ವಿಂಟಾಲ್ ಮೇಲೆ. ಹೊಸ ಗಾಡಿಯ ಮೊದಲ ವರ್ಷದ ಕಂತು 39 ಕ್ವಿಂಟಾಲ್ ಮೇಲೆ. ಅದೂ ಖರೀದಿ ಕೇಂದ್ರದಲ್ಲಿ ಅಷ್ಟೂ ಕೊಂಡರೆ! ಟ್ರ್ಯಾಕ್ಟರಿನ ಬೆಲೆಯನ್ನು ಮಾಡಿದವನೇ ಕಟ್ಟುತ್ತಾನೆ. ರಾಗಿ ಬೆಲೆಯನ್ನು ಬೆಳೆದವನು ಕಟ್ಟುವ ಹಾಗಿಲ್ಲ. ಈ ಅನ್ಯಾಯ ಸರಿಹೋಗುವ ತನಕ ನಮ್ಮ ಪ್ರತಿ ಖರ್ಚನ್ನೂ ಕ್ವಿಂಟಾಲಿನಲ್ಲೇ ಅಳೆದು ನೋಡಬೇಕು.

ಇನ್ನು ಹೆದರಿಸುವವರ ವಿಚಾರ. "ಹತ್ತು ವರ್ಷ ಆಯ್ತು, ಸರ್ಕಾರವೇ ಗುಜರಿಗೆ ಹಾಕುತ್ತೆ" ಅಂತ ಸುದ್ದಿ ಹಬ್ಬಿತ್ತು. ಅದು ಸುಳ್ಳು ಅಂತ ಕೇಂದ್ರ ಸಾರಿಗೆ ಸಚಿವಾಲಯವೇ 2023ರಲ್ಲಿ ಸ್ಪಷ್ಟಪಡಿಸಿದೆ. ಕೃಷಿ ಟ್ರ್ಯಾಕ್ಟರಿಗೆ ಮೊದಲು 15 ವರ್ಷ ನೋಂದಣಿ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬಹುದು. ಈ ಹೆದರಿಕೆಗೆ ಒಳ್ಳೇ ಗಾಡಿಯನ್ನು ಅಗ್ಗಕ್ಕೆ ಕೊಡಬೇಡಿ.

ಗುಜರಿಯೇ ಸರಿ ಅಂತ ಲೆಕ್ಕ ಹೇಳಿದರೆ ಸಂಕೋಚ ಬೇಡ. ಆದರೆ ತೂಕದ ಲೆಕ್ಕದಲ್ಲಿ ಇಡೀ ಗಾಡಿ ಕೊಡಬೇಡಿ. 2 ಟನ್ ತೂಗುವ ಗಾಡಿಗೆ ಕೆ.ಜಿ.ಗೆ 25 ಅಂದರೆ 50 ಸಾವಿರ. ಟಯರು, ಹೈಡ್ರಾಲಿಕ್, ಗೇರ್ ಬಾಕ್ಸ್ ಬೇರೆ ಬೇರೆ ಮಾರಿದರೆ ಎಷ್ಟು ಬರುತ್ತೆ ವಿಚಾರಿಸಿ. ಗಾಡಿ ಒಡೆಸಿದ ಮೇಲೆ ಆರ್.ಸಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ, ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮ ನಂಬರು ಇನ್ಯಾರದೋ ಗಾಡಿ ಮೇಲೆ ಓಡಾಡಿ, ಪೊಲೀಸರು ನಿಮ್ಮ ಬಾಗಿಲಿಗೆ ಬರುತ್ತಾರೆ. ಬೇರೆ ಇಂಜಿನ್ ಕೂರಿಸುವವರೂ ಆರ್.ಸಿ.ಯಲ್ಲಿ ಇಂಜಿನ್ ನಂಬರು ತಿದ್ದಿಸಿಕೊಳ್ಳಿ.

ಗಾಡಿ ಮೇಲೆ ಸಾಲ ಇನ್ನೂ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದೆ ಮಾರುವ ಹಾಗಿಲ್ಲ, ಒಡೆಸುವ ಹಾಗಿಲ್ಲ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಸವೆದು ಕೆಟ್ಟ ಇಂಜಿನ್ನಿಗೆ ಸಾಮಾನ್ಯ ವಿಮೆಯೂ ಬರುವುದಿಲ್ಲ. ಅದಕ್ಕೇ ಕಂತಿನ ದಿನ ಬರುವ ಮೊದಲೇ, ಇಂಜಿನ್ ಕೆಟ್ಟಿದೆ, ಕಂತು ಮುಂದಕ್ಕೆ ಹಾಕಿ ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಿ, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಬಾಯಿ ಮಾತು ಬ್ಯಾಂಕಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ನಿಮಗೆ ಒಬ್ಬರೇ ಹೋಗಲು ಅಳುಕಾದರೆ ಊರಿನ ನಾಲ್ಕು ಜನ ಒಟ್ಟಿಗೆ ಹೋಗಿ.

ಕಡೆಯದಾಗಿ ಒಂದು ಮಾತು. ಟ್ರ್ಯಾಕ್ಟರ್ ಮನೆ ಮುಂದೆ ನಿಂತಿದ್ದರೆ ಅದೊಂದು ಗೌರವ ಅಂತ ನಾವೆಲ್ಲ ಭಾವಿಸಿದ್ದೀವಿ. ಮಗಳ ಮದುವೆ ಮಾತುಕತೆಗೆ ಬಂದವರೂ ಅದನ್ನೇ ನೋಡ್ತಾರೆ. ಆ ಮರ್ಯಾದೆಗಾಗಿ ಪಹಣಿ ತೆಗೆದುಕೊಂಡು ಹೋಗಿ ಜಮೀನು ಅಡವು ಇಡಬೇಡಿ. ಟ್ರ್ಯಾಕ್ಟರ್ ಹೋದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತೆ. ಹೊಲ ಹೋದರೆ ಆ ಹೊಲದಲ್ಲೇ ಕೂಲಿಗೆ ಹೋಗಬೇಕಾಗುತ್ತೆ. ಇವತ್ತು ರಾತ್ರಿ ಮನೆಗೆ ಹೋಗಿ, ಹೆಂಡತಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ನಿಮ್ಮ ಗಾಡಿ ಹೋದ ವರ್ಷ ಎಷ್ಟು ಗಂಟೆ ದುಡಿಯಿತು ಅಂತ ಬರೆದು ನೋಡಿ. ಇಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಬರೆದಿಟ್ಟುಕೊಳ್ಳಿ.