ಬರೆದುಕೊಟ್ಟ ಮದ್ದು ಸಿಗದಿದ್ದರೆ ಏನು ಮಾಡಬೇಕು?

(ಕಾರ್ಕಳ ತಾಲೂಕಿನ ಹಾಲು ಉತ್ಪಾದಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಹಟ್ಟಿಗಳಿಗೆ ಕೆಚ್ಚಲು ಬಾವಿನ ಕಾಟ. ನೆಲ ಒಣಗುವುದಿಲ್ಲ, ಹಾಸಿದ ಸೊಪ್ಪು ಕೊಳೆಯುತ್ತದೆ, ಮೊಲೆತೊಟ್ಟಿನ ತೂತಿನಿಂದ ರೋಗಾಣು ಒಳಸೇರುತ್ತದೆ. ವೈದ್ಯರು ಚೀಟಿ ಬರೆಯುತ್ತಾರೆ. ಅದನ್ನು ಹಿಡಿದು ಕಾಪುವಿಗೋ ಉಡುಪಿಗೋ ಹೋದರೆ "ಅದು ಮುಗಿದಿದೆ, ಇದನ್ನು ಕೊಂಡುಹೋಗಿ" ಎಂಬ ಉತ್ತರ ಬರಬಹುದು. ಇದ್ದರೂ ಬೆಲೆ ಕೈಗೆಟುಕದಿರಬಹುದು. ಆಗ ಏನು ಮಾಡಬೇಕೆಂಬುದೇ ಇಂದಿನ ವಿಷಯ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪೆನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿರುವುದು ಮದ್ದಿನ ಮೂಲ ಹೆಸರು: ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್, ಎನ್ರೋಫ್ಲಾಕ್ಸಾಸಿನ್ ಇತ್ಯಾದಿ. ಮೂಲ ಹೆಸರು, ಪ್ರಮಾಣ ಎರಡೂ ಒಂದೇ ಆಗಿದ್ದು, ಜಾನುವಾರುಗಳಿಗೆಂದೇ ತಯಾರಾದದ್ದಾದರೆ ಬೇರೆ ಕಂಪೆನಿಯದ್ದನ್ನು ವೈದ್ಯರಿಗೆ ತಿಳಿಸಿ ತರಬಹುದು. ಅದು ಕಡಿಮೆ ಬೆಲೆಯದ್ದೂ ಆಗಿರಬಹುದು. ಆದರೆ ಮೂಲ ಹೆಸರೇ ಬೇರೆಯಾದರೆ ಅದು ಬೇರೆ ಮದ್ದು. ಅದನ್ನು ಆರಿಸುವ ಕೆಲಸ ಅಂಗಡಿಯವರದ್ದೂ ಅಲ್ಲ, ನಮ್ಮದೂ ಅಲ್ಲ.

ಕಾರಣ ಸರಳ. ಕೆಚ್ಚಲು ಬಾವಿಗೆ ಕಾರಣವಾಗುವ ರೋಗಾಣು ಒಂದೇ ಬಗೆಯದ್ದಲ್ಲ. ಸ್ಟೆಫಿಲೋಕಾಕಸ್‌ನ ಹಲವು ತಳಿಗಳು ಪೆನಿಸಿಲಿನ್ನನ್ನೇ ಒಡೆದುಹಾಕುತ್ತವೆ. ಸೆಗಣಿಯಿಂದ ಬರುವ ಇ. ಕೋಲಿಗೆ ಪೆನಿಸಿಲಿನ್ ನಾಟುವುದಿಲ್ಲ. ಬೀಗಕ್ಕೆ ತಕ್ಕ ಕೀಲಿಯೇ ಬೇಕು.

ಹಣ ಉಳಿಸಲು ಹೋಗಿ ದನವನ್ನೇ ಕಳೆದುಕೊಳ್ಳುವ ಮೂರು ದಾರಿಗಳಿವೆ. ಒಂದು, 5 ದಿನದ ಮದ್ದನ್ನು 2 ದಿನಕ್ಕೆ ನಿಲ್ಲಿಸುವುದು. ಬಾವು ಇಳಿದರೂ ರೋಗಾಣು ಉಳಿದು, ಮುಂದಿನ ಬಾರಿ ಕೆಚ್ಚಲಿನ ಆ ಭಾಗವೇ ಬತ್ತಬಹುದು. ಎರಡು, ಮನುಷ್ಯರ ಮಾತ್ರೆಯನ್ನು ಅರೆದು ಕುಡಿಸುವುದು. ಮೆಲುಕು ಹಾಕುವ ದನದ ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಆಗ ಸಾಯುತ್ತವೆ, ದನ ಮೇವು ಬಿಡುತ್ತದೆ. ಮೂರು, ಹಾಲು ಬತ್ತಿಸುವಾಗ ಏರಿಸುವ ಟ್ಯೂಬನ್ನು ಕರೆಯುವ ದನಕ್ಕೆ ಏರಿಸುವುದು. ಅದರ ಅಂಶ ವಾರಗಟ್ಟಲೆ ಹಾಲಿನಲ್ಲಿ ಉಳಿಯುತ್ತದೆ. ಒಂದು ಟ್ಯೂಬನ್ನು ಎರಡು ಮೊಲೆಗೆ ಹಂಚುವುದೂ ಇಂಥದ್ದೇ ತಪ್ಪು.

ಹಾಗಾದರೆ ಮಾಡಬೇಕಾದ್ದೇನು? ಕೈಯಲ್ಲಿರುವ ಹಣವೆಷ್ಟೆಂದು ಚೀಟಿ ಬರೆಯುವ ಮೊದಲೇ ವೈದ್ಯರಿಗೆ ಹೇಳಿ. ಅದರಲ್ಲಿ ನಾಚಿಕೆಯಿಲ್ಲ. ನಿಮ್ಮಿಂದ ಪೂರ್ತಿ ಕೊಡಿಸಲು ಸಾಧ್ಯವಾಗುವ ಮದ್ದನ್ನು ಅವರು ಯೋಚಿಸಿ ಬರೆಯಬಹುದು. ಸರಕಾರಿ ಪಶು ಆಸ್ಪತ್ರೆಯ ದಾಸ್ತಾನಿನಲ್ಲಿ ಇದೆಯೇ ಎಂದು ಕೇಳಿ. ಅಂಗಡಿಯಲ್ಲಿ ಸಿಗದಿದ್ದರೆ ಅಲ್ಲಿಂದಲೇ ಫೋನ್ ಮಾಡಿ, ಇರುವ ಮದ್ದುಗಳ ಮೂಲ ಹೆಸರು ಓದಿ ಹೇಳಿ. ವೈದ್ಯರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ. ಬಾವು ಮರುಕಳಿಸುತ್ತಿದ್ದರೆ, ಮದ್ದು ಕೊಡುವ ಮೊದಲೇ ಹಾಲಿನ ಮಾದರಿ ಪರೀಕ್ಷೆ ಮಾಡಿಸಿ. ಯಾವ ಮದ್ದು ನಾಟುತ್ತದೆಂದು ಅದರಿಂದ ತಿಳಿಯುತ್ತದೆ.

ಎಲ್ಲ ಬಾವಿಗೂ ಆ್ಯಂಟಿಬಯಾಟಿಕ್ ಬೇಕೆಂದಿಲ್ಲ. ಸೌಮ್ಯ ಬಾವಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೇಪವಿದೆ: ಲೋಳೆಸರ 250 ಗ್ರಾಂ, ಅರಶಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದು, ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ತೆಳ್ಳಗೆ ಮಾಡಿ, ತೊಳೆದ ಕೆಚ್ಚಲಿಗೆ ದಿನಕ್ಕೆ 10 ಸಲದಂತೆ 5 ದಿನ ಹಚ್ಚುವುದು. ಇದನ್ನೂ ವೈದ್ಯರನ್ನು ಕೇಳಿಯೇ ಮಾಡಿ. ಜ್ವರ ಬಂದರೆ, ಮೇವು ಬಿಟ್ಟರೆ, ಹಾಲು ನೀರಾದರೆ ಅಥವಾ ರಕ್ತ ಬಂದರೆ ಲೇಪವನ್ನೇ ನಂಬಿ ಕೂರಬೇಡಿ. ಅಂದೇ ವೈದ್ಯರನ್ನು ಕರೆಸಿ.

ಇನ್ನು ಹಾಲಿನ ವಿಚಾರ. ಮದ್ದು ಕೊಟ್ಟ ದನದ ಹಾಲನ್ನು ಲೇಬಲ್‌ನಲ್ಲಿ ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. ಅವಧಿ ನಮೂದಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂಬುದು 2012ರಲ್ಲಿ ಬಂದ ನಿಯಮ. ಕುದಿಸಿದರೂ ಹೆಚ್ಚಿನ ಆ್ಯಂಟಿಬಯಾಟಿಕ್‌ಗಳು ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಒಬ್ಬರ ಒಂದು ಕ್ಯಾನ್ ಊರಿನ ಎಲ್ಲರ ಹಾಲನ್ನೂ ಕೆಡಿಸಬಲ್ಲದು. ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಸಮೀಕ್ಷೆ ತೋರಿಸಿತು. ಸಂಖ್ಯೆ ಚಿಕ್ಕದು, ಆದರೆ ಆ ಹಾಲು ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಮದ್ದಿಗೆ ಬಗ್ಗದ ರೋಗಾಣು ಹಟ್ಟಿಯಲ್ಲೇ ಉಳಿಯುವುದಿಲ್ಲ. ನಾಳೆ ನಮ್ಮ ಮನೆಯವರು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದಾಗ ಅಲ್ಲಿನ ವೈದ್ಯರಿಗೂ ಮದ್ದು ನಾಟಬೇಕಲ್ಲ? ಮನುಷ್ಯರ ಕೊನೆಯ ಆಸರೆಯ ಮದ್ದುಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಕೇಂದ್ರ ಸರಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಕೊನೆಯದಾಗಿ ಒಂದು ವಿನಂತಿ. ಕಡಿಮೆ ಬೆಲೆಯ ಜೆನೆರಿಕ್ ಪಶು ಮದ್ದುಗಳನ್ನು ಸಹಕಾರಿ ಸಂಘಗಳ ಮೂಲಕವೂ ಒದಗಿಸುವ 'ಪಶು ಔಷಧಿ' ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದೆ. ನಮ್ಮ ಸಂಘಕ್ಕೂ ಅದು ಬೇಕೆಂದು ಮಹಾಸಭೆಯಲ್ಲಿ ಕೇಳಿ. ಒಬ್ಬರಿಗೆ ದುಬಾರಿಯಾದದ್ದು ಎಲ್ಲರೂ ಸೇರಿದರೆ ಅಗ್ಗವಾಗುತ್ತದೆ. ಸಹಕಾರವೆಂದರೆ ಅದೇ ತಾನೇ?